ತೊಂಬತ್ತಾರು ಅಂಕದ ನಿದ್ದೆ

ನಿದ್ದೆಗೂ ಅಂಕ ಕೊಡುವ ಕಾಲ ಬಂದ ಮೇಲೆ ಹುಬ್ಬಳ್ಳಿಯಲ್ಲಿ ನೆಟ್ಟಗೆ ನಿದ್ದೆ ಮಾಡುವವರು ಕಡಿಮೆಯಾದರು, ನಿದ್ದೆಯ ಬಗ್ಗೆ ಭಾಷಣ ಮಾಡುವವರು ಹೆಚ್ಚಾದರು. ಎದೆಗೊಂದು ಪಟ್ಟಿ ಕಟ್ಟಿಕೊಂಡು ಮಲಗಬೇಕು. ಎದ್ದ ಕೂಡಲೇ ಮೊಬೈಲಿನಲ್ಲಿ ನೂರಕ್ಕೆ ಇಷ್ಟು ಎಂದು ನಿದ್ರಾಂಕ ಬರುತ್ತದೆ. ಸಂಬಂಧ ಕುದುರಿಸಲು ಬಂದವರು ಜಾತಕಕ್ಕಿಂತ ಮೊದಲು ಹುಡುಗನ ನಿದ್ರಾಂಕ ಕೇಳತೊಡಗಿದರು. ಎಂಬತ್ತೈದು ಬಂದವರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡು ಮೆರೆದರು. ಐವತ್ತು ಬಂದವರು ಆ ಐವತ್ತರ ಕೊರಗಿನಲ್ಲಿ ಇದ್ದಬದ್ದ ನಿದ್ದೆಯನ್ನೂ ಕಳೆದುಕೊಂಡರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಹೇಳಿದ್ದರು. ಈ ಪುಣ್ಯಾತ್ಮರು ನಿದ್ದೆಯನ್ನೇ ಚಿಂತೆ ಮಾಡಿಕೊಂಡು ಕುಳಿತರು.

ಇದಕ್ಕೆಲ್ಲ ಮೂಲಪುರುಷರು ಡಾಕ್ಟರ್ ಜಯಂತ ಹೊಂಬಾಳಿ, ಊರ ಹೊರಗಿನ ಸುಖನಿದ್ರಾ ಕೇಂದ್ರದ ಮುಖ್ಯಸ್ಥರು. ಸಾಹೇಬರು ಆಕಳಿಸಿದರೂ ಅದರ ಫೋಟೊ ಪೇಪರಿನಲ್ಲಿ ಬರಬೇಕು. ಅವರ ಕೈಕೆಳಗೆ ಆರು ವರ್ಷದಿಂದ ಟೆಕ್ನಿಷಿಯನ್ ಆಗಿದ್ದ ರೋಹಿಣಿ ಬಡಿಗೇರ, ಸಾಹೇಬರು ಬಂದಾಗ ಎದ್ದು ನಿಲ್ಲುತ್ತಿದ್ದಳು, ಹೋದ ಮೇಲೆ ಮೂಗು ಮುರಿಯುತ್ತಿದ್ದಳು. ಮೂಗು ಮುರಿಯುವುದರಿಂದ ಯಾರಿಗೂ ಏನೂ ಆಗುವುದಿಲ್ಲ, ಪಗಾರ ಮಾತ್ರ ತಪ್ಪುವುದಿಲ್ಲ. ಹಾಗೆಂದು ಅವಳಿಗೂ ಗೊತ್ತಿತ್ತು, ಅದಕ್ಕೇ ತನ್ನ ಮೇಲೂ ಅವಳಿಗೆ ಅಷ್ಟೇನೂ ಗೌರವ ಇರಲಿಲ್ಲ.

ಸಾಹೇಬರ ದೊಡ್ಡ ಸಾಧನೆ ಎಂದರೆ ಗೊರಕೆಯವರ ಚಿಕಿತ್ಸೆ. ಕೆಲವರಿಗೆ ನಿದ್ದೆಯಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ಹೊಟ್ಟೆ ಬಂದ, ಕುತ್ತಿಗೆ ದಪ್ಪಗಾದ ಡ್ರೈವರುಗಳಲ್ಲಿ ಇದು ಹೆಚ್ಚು. ಉಸಿರು ನಿಂತಾಗ ಮಿದುಳು ಗಾಬರಿಯಾಗಿ ಅರೆಕ್ಷಣ ಎಚ್ಚರವಾಗುತ್ತದೆ, ಮನುಷ್ಯ ಗೊರ್ ಎಂದು ಗಾಳಿ ಎಳೆದುಕೊಂಡು ಮತ್ತೆ ಮಲಗುತ್ತಾನೆ. ಹೀಗೆ ನೂರಾರು ಸಲ. ಅಂಥವನು ಎಂಟು ತಾಸು ಮಲಗಿದರೂ ಮಲಗಿದಂತಲ್ಲ, ಸ್ಟೀರಿಂಗ್ ಹಿಡಿದಲ್ಲೇ ತೂಕಡಿಸುತ್ತಾನೆ. ಅದಕ್ಕೆ ಸಾಹೇಬರು ಎರಡು ಉಪಾಯ ಮಾಡಿದರು. ಒಂದು, ಆ ಅರೆಕ್ಷಣದ ಎಚ್ಚರಗಳನ್ನು ತಡೆಯುವ ಗುಳಿಗೆ. ಇನ್ನೊಂದು, ಗದ್ದದ ಕೆಳಗೆ ಅಂಟಿಸುವ ಬಿಲ್ಲೆ; ಅದು ಎದೆಯ ಪಟ್ಟಿಯ ಜೊತೆ ಮಾತಾಡಿಕೊಂಡು, ಉಸಿರು ನಿಂತಾಗ ನಾಲಿಗೆಯ ನರಕ್ಕೆ ಸಣ್ಣಗೆ ಕರೆಂಟು ಕೊಟ್ಟು ನಾಲಿಗೆಯನ್ನು ಮುಂದಕ್ಕೆ ತರುತ್ತದೆ. ಯಾವಾಗ ಕೊಡಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಯಂತ್ರವೇ ನೋಡಿ ನೋಡಿ ಕಲಿಯುತ್ತದೆ. ಕರೆಂಟು ಕೊಟ್ಟರೆ ನಿದ್ದೆ ಸ್ವಲ್ಪ ಕದಡಿ ಅಂಕ ಇಳಿಯುತ್ತದೆ. ಆದ್ದರಿಂದ ಕೊಡದೆ ನಡೆಯುವುದಾದರೆ ಕೊಡಬಾರದು. ಇಷ್ಟೇ ಅದರ ಬುದ್ಧಿ.

ಅದಕ್ಕೆ ಪಾಠ ಕಲಿಸಲು ಸಿಕ್ಕಿದವರು ಸ್ಲೀಪರ್ ಕೋಚ್ ಕಂಪನಿಯೊಂದರ ಇಪ್ಪತ್ತೆರಡು ಡ್ರೈವರುಗಳು. ರಾತ್ರಿಯಿಡೀ ಬಸ್ಸು ಓಡಿಸಿ, ಹಗಲು ಮನೆಯಲ್ಲಿ ಮಲಗುವವರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದ ಹಾಗೆ, ಮೂರು ತಿಂಗಳು ಅವರ ಮನೆಗಳಲ್ಲೇ ಪ್ರಯೋಗ ನಡೆಯಿತು. ಮನೆಯವರಿಗೊಂದು ಫಾರ್ಮು ಕೊಟ್ಟಿದ್ದರು. "ಮಲಗಿದವರನ್ನು ನೀವು ಮುಟ್ಟುತ್ತೀರಾ? ಅಲುಗಿಸುತ್ತೀರಾ?" ಇಪ್ಪತ್ತೆರಡು ಹೆಂಗಸರೂ ಇಲ್ಲ, ಇಲ್ಲ ಎಂದು ಗುರುತು ಹಾಕಿದರು.

ದಾಖಲೆಗಳನ್ನು ಸೋಸುವ ಕೆಲಸ ರೋಹಿಣಿಯದು. ಅವಳಿಗೊಂದು ವಿಚಿತ್ರ ಕಂಡಿತು. ಎದೆಪಟ್ಟಿಯ ಗೆರೆಯಲ್ಲಿ ಆಗಾಗ ಒಂದು ದೊಡ್ಡ ಅಲುಗಾಟ, ಎರಡು ಸೆಕೆಂಡು ಬಿಟ್ಟು ಒಂದು ಸಣ್ಣ ಅಲುಗಾಟ. ದೊಡ್ಡದು, ಸಣ್ಣದು. ದೊಡ್ಡದು, ಸಣ್ಣದು. ಎಲ್ಲರ ಮನೆಯಲ್ಲೂ ಅದೇ ಜೋಡಿ. ವಾಪಸು ಬಂದ ಪಟ್ಟಿಗಳ ಮೇಲೆ ಬೇರೆ ಬಿಳೀ ಪುಡಿ ಮೆತ್ತಿಕೊಂಡಿರುತ್ತಿತ್ತು.

"ಸರ್, ಇದು ಎಲ್ಲಾರ ದಾಖಲೆದಾಗೂ ಐತ್ರಿ. ಏನಂತ ನೋಡೂಣಲ್ರಿ?"

ಸಾಹೇಬರು ಕನ್ನಡಕವನ್ನೂ ಏರಿಸಲಿಲ್ಲ. "ಕಸ ಅದು ರೋಹಿಣಿ. ಒಂದ ಖೋಲಿ ಮನಿ, ಆ ಗದ್ದಲ, ಆ ಹುಡುಗರು, ಆ ಪೌಡರು. ಅಂಥಲ್ಲಿ ಸ್ವಚ್ಛ ವಿಜ್ಞಾನ ಎಲ್ಲಿಂದ ಬರಬೇಕು? ತಗದ ಹಾಕ್ರಿ."

ರೋಹಿಣಿ ತೆಗೆದುಹಾಕಿದಳು. ಸಾವಿರಾರು ಅಲುಗಾಟಗಳನ್ನು ತನ್ನ ಕೈಯಾರೆ, ಜೋಳ ಹಸನು ಮಾಡಿದಂತೆ ಹಸನು ಮಾಡಿ ಕೊಟ್ಟಳು. ಸೋಸಿದ ದಾಖಲೆಯಿಂದ ಯಂತ್ರ ಒಂದು ಪಾಠ ಕಲಿಯಿತು: ಉಸಿರು ನಿಂತ ಹದಿನಾಲ್ಕು ಸೆಕೆಂಡಿಗೆ ತಾನಾಗಿಯೇ ಬರುತ್ತದೆ, ಯಾವತ್ತೂ ಬರುತ್ತದೆ, ಕರೆಂಟು ಕೊಡುವ ಅಗತ್ಯವೇ ಇಲ್ಲ. ಹೊಂಬಾಳಿ ಸಾಹೇಬರು ಇದನ್ನು "ಗುಳಿಗೆಯ ಪವಾಡ" ಎಂದು ಕರೆದು ಮೂರು ದೇಶಗಳಲ್ಲಿ ಭಾಷಣ ಮಾಡಿ ಬಂದರು.

ಆಮೇಲೆ ಕಂಪನಿ ಕೇಂದ್ರದಲ್ಲೇ ಒಂದು ನಿದ್ರಾಲಯ ಕಟ್ಟಿಸಿತು. ತಂಪು, ಕತ್ತಲು, ಸದ್ದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಎತ್ತರದ ಮಂಚ. ಇನ್ನು ಮುಂದೆ ಡ್ರೈವರುಗಳು ಹಗಲು ಇಲ್ಲೇ ಮಲಗಬೇಕು, ನಿದ್ರಾಂಕ ಎಪ್ಪತ್ತರ ಮೇಲೆ ಬಂದರೆ ಮಾತ್ರ ಸಂಜೆ ಗಾಡಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಚಿಮಟಿಯನ್ನೂ ಸಾಹೇಬರು ತೆಗೆಸಿಬಿಟ್ಟರು. ಅದು ನಿದ್ದೆ ಕೆಡಿಸಿ ಎರಡು ಅಂಕ ತಿನ್ನುತ್ತಿತ್ತಂತೆ. ಕಂಟ್ರೋಲ್ ರೂಮಿನ ಪರದೆಯಲ್ಲಿ ಅಂಕ ಒಂದೇ ಕಾಣುತ್ತಿತ್ತು. ಒಳಗಿನ ಗೆರೆಗಳನ್ನು ತೆರೆದು ನೋಡುವ ಉಸಾಬರಿ ಯಾರಿಗೂ ಬೇಡವಾಗಿತ್ತು, ರೋಹಿಣಿಗೂ.

ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಫಕೀರಪ್ಪ ಎಂಬ ಡ್ರೈವರನಿಗೆ. ನಲವತ್ತಾರು ವಯಸ್ಸು, ಗೂಳಿಯಂಥ ಕುತ್ತಿಗೆ. ತೊಂಬತ್ತೊಂದು, ತೊಂಬತ್ಮೂರು, ತೊಂಬತ್ನಾಲ್ಕು! ಕಂಪನಿಯವರು ಅವನ ಫೋಟೊವನ್ನು ಬಾಗಿಲಿಗೆ ತೂಗುಹಾಕಿದರು. ಆದರೆ ಫೋಟೊದಲ್ಲಿದ್ದ ಮನುಷ್ಯ ಬೇರೆ, ಎದ್ದು ಬರುತ್ತಿದ್ದ ಮನುಷ್ಯ ಬೇರೆ. ಮುಖ ಬೂದಿ ಬಳಿದಂತೆ, ತುಟಿ ನೀಲಿ, ಹಣೆ ಒತ್ತಿಕೊಂಡು ಕೂರುತ್ತಿದ್ದ. ಒಂದು ದಿನ ತನ್ನ ಬಸ್ಸಿನ ನಂಬರು ಕೇಳಿದರೆ ಹತ್ತು ನಿಮಿಷ ಯೋಚಿಸಿದ.

ಅವನ ಹೆಂಡತಿ ನೀಲವ್ವ ದಿನಾ ಎರಡು ಗಂಟೆಗೆ ಬುತ್ತಿ ತೆಗೆದುಕೊಂಡು ಗೇಟಿಗೆ ಬರುವಳು. ಎಂಟು ದಿನ ಸುಮ್ಮನಿದ್ದಳು, ಒಂಬತ್ತನೇ ದಿನ ಸಾಹೇಬರ ಕಾರಿಗೆ ಅಡ್ಡ ನಿಂತಳು.

"ಸಾಹೇಬ್ರ, ನಮ್ಮ ಮನಿಯವ್ರನ್ನ ಮನಿಗೆ ಕಳಸ್ರಿ. ಇಲ್ಲಿ ಮಲಗಿ ಮಲಗಿ ಮಾರಿ ಹೆಣದಂಗ ಆಗೇತಿ."

ಸಾಹೇಬರು ಕಾರಿನ ಗಾಜನ್ನು ನಾಲ್ಕು ಬೆರಳು ಇಳಿಸಿದರು. "ಏನವ್ವಾ, ಎಷ್ಟನೇತ್ತೆ ಕಲತೀ?"

"ನಾಕನೇತ್ತೆರಿ."

"ಹಂಗಾರ ಎಣಿಸಾಕ ಬರತೈತಿ. ತೊಂಬತ್ನಾಕು ದೊಡ್ಡದೋ, ನಿನ್ನ ಕಣ್ಣಿಗೆ ಕಂಡಿದ್ದು ದೊಡ್ಡದೋ?" ಗಾಜು ಏರಿತು, ಕಾರು ಹೋಯಿತು.

ಬಾಗಿಲಲ್ಲಿ ನಿಂತಿದ್ದ ರೋಹಿಣಿಗೆ ಮೈ ಉರಿಯಿತು. ಉರಿದದ್ದು ಹೆಣ್ಣುಮಗಳ ಮೇಲಿನ ಕರುಣೆಗಿಂತ ಸಾಹೇಬರ ಮೇಲಿನ ಸಿಟ್ಟಿಗೆ. ಏನಾದರಾಗಲಿ, ವಾರದ ರಜೆಯ ದಿನ ಫಕೀರಪ್ಪ ಮನೆಯಲ್ಲೇ ಪಟ್ಟಿ ಕಟ್ಟಿಕೊಂಡು ಮಲಗುತ್ತಾನೆ, ಹೋಗಿ ನೋಡಿಬಿಡೋಣ ಎಂದುಕೊಂಡಳು.

ಡ್ರೈವರುಗಳ ಓಣಿಗೆ ಅವಳು ಹೋದದ್ದು ಅದೇ ಮೊದಲು. ಆರು ವರ್ಷ ಮಂದಿಯ ಉಸಿರು ಎಣಿಸಿದವಳು ಒಮ್ಮೆಯೂ ಯಾರ ಹೊಸ್ತಿಲೂ ತುಳಿದಿರಲಿಲ್ಲ. ಎಲ್ಲ ಮನೆಗಳಿಂದಲೂ ಪಟಪಟ ಪಟಪಟ ಸದ್ದು. ಆ ಓಣಿಯ ಹೆಂಗಸರೆಲ್ಲ ಹಗಲಿಡೀ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವರು. ನೀಲವ್ವನ ಮನೆಯೂ ಒಂದೇ ಖೋಲಿ. ನಡುವೆ ಚಾಪೆಯ ಮೇಲೆ ಫಕೀರಪ್ಪ ಗೊರಕೆ ಹೊಡೆಯುತ್ತ ಬಿದ್ದಿದ್ದ. ಪಕ್ಕದಲ್ಲಿ ನೀಲವ್ವ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಮೊಣಕೈವರೆಗೆ ಹಿಟ್ಟು.

"ಬರ್ರಿ ಅಕ್ಕಾರ, ಕುಂದರ್ರಿ. ಸದ್ದಿಗೇನ್ ಏಳೂದಿಲ್ಲ ಅವ್ರು."

ಮಾತಾಡುತ್ತ ಕುಳಿತರು. ದರ, ಮಳೆ, ಖಾನಾವಳಿಯವನ ಕೊಂಕು. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ಅಭ್ಯಾಸಬಲದಿಂದ ರೋಹಿಣಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಹತ್ತು, ಹನ್ನೊಂದು, ಹನ್ನೆರಡು. ನೀಲವ್ವ ಮಾತು ನಿಲ್ಲಿಸಲಿಲ್ಲ, ಕಣ್ಣೂ ತಿರುಗಿಸಲಿಲ್ಲ. ಚಾಚಿದ ಕಾಲಿನ ಹೆಬ್ಬೆರಳಿನಿಂದ ಗಂಡನ ಎಡ ಪಕ್ಕೆಯ ಕೆಳಗೆ ಒಂದು ಬಲವಾದ ತಿವಿತ ತಿವಿದಳು. ಫಕೀರಪ್ಪ ಗೊರ್ ಎಂದು ಗಾಳಿ ಎಳೆದುಕೊಂಡ. ಎಳೆದುಕೊಂಡನೋ ಇಲ್ಲವೋ, ನೀಲವ್ವ ಬಾಗಿ ಹಿಟ್ಟಿನ ಬೆರಳ ತುದಿಯಿಂದ ಅವನ ಎದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ರೊಟ್ಟಿ ಪಟಪಟ.

ದೊಡ್ಡದು, ಎರಡು ಸೆಕೆಂಡು ಬಿಟ್ಟು ಸಣ್ಣದು.

ರೋಹಿಣಿ ಎಣಿಸುವುದನ್ನು ಬಿಟ್ಟು ನೆಟ್ಟಗೆ ಕುಳಿತಳು. "ನೀಲವ್ವಾ... ಏನ್ ಮಾಡಿದ್ರಿ ಈಗ?"

ನೀಲವ್ವನ ಮುಖ ಕಪ್ಪಿಟ್ಟಿತು. ಅವಳು ಮಾಡಿದ್ದು ಅವಳಿಗೇ ಗೊತ್ತಿರಲಿಲ್ಲ, ಅಷ್ಟು ರೂಢಿ. "ಅಯ್ಯ ಶಿವನ! ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಉಸುರು ಕಟ್ಟತೈತ್ರಿ ಇವ್ರಿಗೆ. ಮದುವಿ ಆದಾಗಿಂದ ಹಿಂಗ. ಕೈಯೆಲ್ಲಾ ಹಿಟ್ಟಾಗಿರತಾವು, ಕಾಲ ಮುಂದ ಬರತೈತಿ. ಗಂಡಗ ಕಾಲು ತಾಗಸೂದು ಪಾಪ ಅಂತ ಗೊತ್ತೈತಿ, ಅದಕ್ಕ ಎದಿ ಮುಟ್ಟಿ ಕೈ ಮುಗೀತೀನಿ. ಈ ಓಣಿಯಾಗ ಎಲ್ಲಾರೂ ಹಂಗ ಮಾಡತಾರ, ಯಾರೂ ಬಾಯಿಬಿಡೂದಿಲ್ಲ. ನಮ್ಮ ಅತ್ತೆವ್ವಗ ಗೊತ್ತಾದ್ರ ನನ್ನ ಮನಿ ಹೊರಗ ಹಾಕತಾಳ."

ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಹೆಬ್ಬೆರಳು. ಹೊಂಬಾಳಿ ಸಾಹೇಬರ ಗುಳಿಗೆಯ ಪವಾಡ ಇದು! ಫಾರ್ಮು ಹಿಡಿದುಕೊಂಡು ಬಂದ ಅಪರಿಚಿತನ ಮುಂದೆ ಯಾವ ಹೆಂಗಸು ಗಂಡನನ್ನು ಒದೆಯುತ್ತೇನೆ ಎಂದು ಬರೆದಾಳು? ಅಷ್ಟೂ ತಿಳಿಯದ ವಿಜ್ಞಾನಕ್ಕೆ ಬೆಂಕಿ ಹಾಕಬೇಕು. ಮತ್ತೆ ಅದನ್ನೆಲ್ಲ ಕಸವೆಂದು ಗುಡಿಸಿದ ಕೈ ಯಾರದು? ರೋಹಿಣಿ ತನ್ನ ಕೈ ನೋಡಿಕೊಂಡಳು. ನಾಚಿಕೆಯಾಯಿತು.

ಕೇಂದ್ರಕ್ಕೆ ಓಡಿಬಂದು, ಯಾರೂ ತೆರೆಯದ ಗೆರೆಗಳನ್ನು ತೆರೆದಳು. ನಿದ್ರಾಲಯದ ಮಂಚದ ಮೇಲೆ ಒಬ್ಬನೇ ಮಲಗಿದ ಫಕೀರಪ್ಪನ ಉಸಿರು ಐವತ್ತು ಸೆಕೆಂಡು ನಿಂತಿತ್ತು, ಎಪ್ಪತ್ತು ನಿಂತಿತ್ತು, ಮೊನ್ನೆ ಎಂಬತ್ನಾಲ್ಕು. ಯಂತ್ರ ಕಾಯುತ್ತ ಕುಳಿತಿತ್ತು, ತಾನಾಗಿಯೇ ಬರುತ್ತದಲ್ಲ ಎಂದು. ಕೊನೆಗೆ ಗುಳಿಗೆಯನ್ನೂ ಮೀರಿ ದೇಹವೇ ಒದ್ದಾಡಿ ಗಾಳಿ ಎಳೆದುಕೊಂಡಿತ್ತು. ನಡುವೆ ಎಚ್ಚರವಿಲ್ಲ, ಅಲುಗಾಟವಿಲ್ಲ, ನಿದ್ದೆ ಕದಡಿಲ್ಲ, ಅದಕ್ಕೇ ತೊಂಬತ್ನಾಲ್ಕು. ಹಾಗೆ ನೋಡಿದರೆ ಹೆಣಕ್ಕೆ ನೂರಕ್ಕೆ ನೂರು ಸಿಗಬೇಕು.

ಸಾಹೇಬರು ಮರುದಿನದ ಪ್ರದರ್ಶನದ ತಯಾರಿಯಲ್ಲಿದ್ದರು. ಕಂಪನಿಯ ಮಾಲೀಕರು, ಪರವೂರಿನ ಡಾಕ್ಟರುಗಳು, ಟೀವಿಯವರು ಬರುವವರಿದ್ದರು. ಗಾಜಿನಾಚೆ ಏಳು ಡ್ರೈವರುಗಳು ಮಲಗಿ ತೋರಿಸುವುದೇ ಕಾರ್ಯಕ್ರಮ. ರೋಹಿಣಿ ಹೇಳಿದ್ದನ್ನೆಲ್ಲ ಕೇಳಿ ಅವರು ಬಿದ್ದು ಬಿದ್ದು ನಕ್ಕರು.

"ಅಲ್ರೀ, ನನ್ನ ಪ್ರಬಂಧದಾಗ ಏನಂತ ಬರೀಲಿ? ರೊಟ್ಟಿ ಬಡಿಯೂ ಹೆಣ್ಮಗಳ ಕಾಲ ಹೆಬ್ಬೆಟ್ಟಿನಿಂದ ಉಸುರು ಬಂತು ಅಂತ ಬರೀಲೇನು?"

"ಬರೀಬೇಕ್ರಿ ಸರ್. ಖರೇ ಅದ ಐತಲ್ರಿ. ಮೊದಲ ಆ ಗುಳಿಗಿ ನಿಲ್ಲಸ್ರಿ, ಯಂತ್ರದ ಕಲಿಕೆ ತಗದ ಹಾಕ್ರಿ. ಪಾಸ್‌ವರ್ಡ್ ನಿಮ್ಮ ಕಡೇನ ಐತಿ."

ಸಾಹೇಬರ ನಗು ನಿಂತಿತು. "ನಾಳೆ ಎಲ್ಲಾರಿಗೂ ಎರಡೆರಡು ಗುಳಿಗಿ. ಮಂದಿ ಮುಂದ ಯಾರೂ ಮಿಸುಕಾಡಬಾರದು. ನಿಮಗ ಅಷ್ಟು ಖಾತ್ರಿ ಇದ್ರ ಆ ಹೆಣ್ಮಗಳ ಕಡಿಂದ ಬರಸ್ಕೊಂಡ ಬರ್ರಿ, ಗಂಡಗ ಒದೀತೀನಿ ಅಂತ. ಸಹೀ ಸಹಿತ. ಆಗ ನೋಡೂಣು."

ರೋಹಿಣಿ ಕಾಗದ ಹಿಡಿದು ಮತ್ತೆ ಓಣಿಗೆ ಹೋದಳು. ನೀಲವ್ವ ಕಾಗದವನ್ನು ಮುಟ್ಟಲೇ ಇಲ್ಲ. "ಗಂಡಗ ಒದಿಯಾಕಿ ಅಂತ ಬರದ ಕೊಡ್ಲೇನ್ರಿ? ಅದು ಪೇಪರಿನ್ಯಾಗ ಬಂದ್ರ ನಾ ಎಲ್ಲಿ ಹೋಗಿ ಬೀಳ್ಲಿ? ನಮ್ಮ ಮನಿಯವ್ರರ ನನ್ನ ಇಟಗೊಂತಾರೇನು?" ಬಾಗಿಲ ಬಳಿ ಅತ್ತೆ ಕೆಮ್ಮಿದಳು, ಮಾತು ಅಲ್ಲಿಗೇ ನಿಂತಿತು. ರೋಹಿಣಿ ಹೊರಡುವಾಗ ಒಂದೇ ಮಾತು ಹೇಳಿದಳು: "ನಾಳೆ ಬುತ್ತಿ ಜಲ್ದಿ ತಗೊಂಡ ಬರ್ರಿ ನೀಲವ್ವ. ಹನ್ನೊಂದಕ್ಕ ಗೇಟಿನ್ಯಾಗ ಇರ್ರಿ."

ಬೆಳಿಗ್ಗೆ ಫಕೀರಪ್ಪನನ್ನು ಮೂಲೆಗೆ ಕರೆದು, ಗುಳಿಗೆ ನುಂಗಬೇಡ ಎಂದು ಬೇಡಿಕೊಂಡಳು. ಅವನು ಬೂದಿ ಮುಖದಲ್ಲೇ ನಕ್ಕ. "ಏನ್ರಿ ಮೇಡಮ್ಮಾರ, ಬಾಗಲಿಗೆ ನನ್ನ ಫೋಟೋ ಹಾಕ್ಯಾರ. ಇವತ್ತ ನಾಕು ಮಂದಿ ಮುಂದ ಕಡಿಮಿ ಅಂಕ ತಗೀಲೇನು?" ಎರಡೂ ಗುಳಿಗೆ ಬಾಯಿಗೆಸೆದು ನೀರು ಕುಡಿದ. ಇವನೂ ಅದೇ ಗಿರಾಕಿ, ಅಂಕಕ್ಕೆ ಸಾಯುವವನು.

ಹನ್ನೊಂದೂವರೆಗೆ ಗಾಜಿನ ಈಚೆ ಕುರ್ಚಿಗಳು ತುಂಬಿದವು. ಶಾಲು, ಹಾರ, ಗೋಡಂಬಿ ತಟ್ಟೆ. ಆಚೆ ಏಳು ಮಂಚ, ಏಳು ದೇಹ. ದೊಡ್ಡ ಪರದೆಯಲ್ಲಿ ಅಂಕಗಳು ಏರುತ್ತಿದ್ದವು. ಹೊಂಬಾಳಿ ಸಾಹೇಬರು ಕೋಲು ಹಿಡಿದು ತೋರಿಸುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ರೋಹಿಣಿ ಮಾತ್ರ ಫಕೀರಪ್ಪನ ಉಸಿರಿನ ಗೆರೆಯನ್ನು ನೋಡುತ್ತ ಕುಳಿತಿದ್ದಳು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಆ ಗೆರೆ ಚಪ್ಪಟೆಯಾಯಿತು.

ಇಪ್ಪತ್ತು ಸೆಕೆಂಡು. ನಲವತ್ತು. ಪರದೆಯಲ್ಲಿ ತೊಂಬತ್ತೈದು ಇದ್ದದ್ದು ತೊಂಬತ್ತಾರಾಯಿತು. "ನೋಡ್ರಿ, ತೊಂಬತ್ತಾರು! ಕೂಸಿನಂಥ ನಿದ್ದಿ!" ಎಂದರು ಸಾಹೇಬರು. ಶಾಲು ಹೊದ್ದವರೆಲ್ಲ ಚಪ್ಪಾಳೆ ತಟ್ಟಿದರು. ಥೂ, ಮನುಷ್ಯ ಉಸಿರುಗಟ್ಟಿದ್ದಕ್ಕೆ ಚಪ್ಪಾಳೆ!

ಅರವತ್ತಕ್ಕೆ ರೋಹಿಣಿ ಎದ್ದು ಓಡಿದಳು. ನಿದ್ರಾಲಯದ ಬಾಗಿಲು ತಳ್ಳಿ, ಫಕೀರಪ್ಪನ ಭುಜ ಹಿಡಿದು ಅಲುಗಿಸಿದಳು, ಗದ್ದ ಎತ್ತಿದಳು, ಕೆನ್ನೆಗೆ ಬಾರಿಸಿದಳು. ತೊಂಬತ್ತು ಕಿಲೋ ತೂಕದ ಆಳು ಮಿಸುಕಲಿಲ್ಲ. ತುಟಿ ನೇರಳೆಹಣ್ಣಾಗಿತ್ತು. ಹೊರಬಾಗಿಲು ತೆರೆದು ಗೇಟಿನತ್ತ ಕೂಗಿದಳು: "ನೀಲವ್ವಾ! ನಿಮ್ಮವ್ರ ಉಸುರು ನಿಂತೈತಿ, ಓಡಿ ಬರ್ರಿ!"

ನೀಲವ್ವ ಬುತ್ತಿ ಅಲ್ಲೇ ಕೆಡವಿ ಬಂದಳು. ಬಂದವಳು ಮೊದಲು ಗಾಜಿನಾಚೆಯ ಮಂದಿಯನ್ನು ನೋಡಿದಳು. ಮಾಲೀಕರು, ಕ್ಯಾಮೆರಾ, ಇಡೀ ಊರು. ಒಂದೇ ಒಂದು ಗಳಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಪಕ್ಕದ ಸ್ಟೂಲು ಹತ್ತಿ, ಮಂಚದ ಕಂಬಿ ಹಿಡಿದು, ಗಂಡನ ಎಡ ಪಕ್ಕೆಯ ಕೆಳಗೆ ಕಾಲಿನಿಂದ ಒದ್ದಳು. ಏನೂ ಆಗಲಿಲ್ಲ. "ಏಳ್ರಿ!" ಎಂದು ಚೀರಿ ಮತ್ತೆ ಒದ್ದಳು. ಮೂರನೇ ಒದೆತಕ್ಕೆ ಫಕೀರಪ್ಪನ ಇಡೀ ಮೈ ಜಗ್ಗಿತು, ಹರಿದ ಚೀಲದಂಥ ಸದ್ದು ಮಾಡಿ ಗಾಳಿ ಒಳಗೆ ನುಗ್ಗಿತು. ಅವಳು ಕೈ ಮುಗಿಯಲಿಲ್ಲ, ಅದಕ್ಕೆ ಪುರುಸೊತ್ತು ಇರಲಿಲ್ಲ.

ಪರದೆಯಲ್ಲಿ ತೊಂಬತ್ತಾರು ದಡದಡನೆ ಇಳಿದು ಮೂವತ್ತೊಂದಾಯಿತು. ಹೊಂಬಾಳಿ ಸಾಹೇಬರು ಕೋಲು ಹಿಡಿದುಕೊಂಡೇ ಒಳಗೆ ನುಗ್ಗಿದರು. "ಯಾರ್ರೀ ಈಕಿ? ಹೊರಗ ಹಾಕ್ರಿ! ದಾಖಲೆ ಎಲ್ಲಾ ಹೊಲಸ ಮಾಡಿದಳು!"

"ದಾಖಲೆ ಈಗ ಸ್ವಚ್ಛ ಆತ್ರಿ ಸರ್," ಎಂದಳು ರೋಹಿಣಿ, ಮುಖ ನೋಡದೆ. ಅವಳು ಆಗಲೇ ಪಕ್ಕದ ಮಂಚದವನ ಮುಖಕ್ಕೆ ತಣ್ಣೀರು ಚಿಮುಕಿಸಿ ಎಬ್ಬಿಸುತ್ತಿದ್ದಳು, ಇನ್ನೂ ಆರು ಜನ ಇದ್ದರು.

ಫಕೀರಪ್ಪ ಎದ್ದು ಕುಳಿತ. ಕೆಂಪು ಕಣ್ಣುಗಳಿಂದ ಸುತ್ತ ನೋಡಿದ. ಗಾಜಿನಾಚೆ ಮಾಲೀಕರು ಬಾಯಿ ತೆರೆದು ನಿಂತಿದ್ದರು, ಕ್ಯಾಮೆರಾ ಅವನತ್ತಲೇ ಇತ್ತು, ಸ್ಟೂಲಿನ ಮೇಲೆ ಕಾಲೆತ್ತಿದ ಹೆಂಡತಿ. ಪರದೆಯ ಮೂವತ್ತೊಂದನ್ನೂ ನೋಡಿದ. ಅವನಿಗೆ ಮೊದಲು ಬಂದದ್ದು ಸಿಟ್ಟು.

"ಏನೇ ಹಲ್ಕಟ್! ಇಷ್ಟು ಮಂದಿ ಮುಂದ ನನಗ ಒದ್ದ್ಯಾ? ಗಂಡ ಅನ್ನೂ ಖಬರ್ ಐತೋ ಇಲ್ಲೋ ನಿನಗ? ಮಾನಗೇಡಿ, ನನ್ನ ಅಂಕ ಎಲ್ಲಾ ಹಾಳ ಮಾಡಿದೆಲ್ಲ!"

ನೀಲವ್ವ ಸ್ಟೂಲಿನಿಂದ ಇಳಿದಳು. ಎತ್ತಿ ಕಟ್ಟಿದ ಸೀರೆ ಇಳಿಸಿಕೊಂಡು ಮಂಚದ ಅಂಚಿಗೇ ಕುಳಿತಳು. ಅವನ ಬೈಗುಳ ನಿಲ್ಲಲಿಲ್ಲ, ಅವಳ ತವರನ್ನೂ ಎಳೆದು ತಂದ. ಅವಳು ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕಣ್ಣೀರು ಒರೆಸಿಕೊಂಡಳು.

"ಬೈರಿ," ಎಂದಳು. "ಬಾಯ್ತುಂಬ ಬೈರಿ. ಬೈಯಾಕರ ಉಸುರು ಬಂತಲ್ಲ."